ಮೊಗ್ಗಿನ ಜಡೆ: ಬೆನ್ನ ಮೇಲಿನ ಇತಿಹಾಸ

ಮದುವೆ ಮನೆಗೆ ಹೋಗಿ ಬಂದ ಗಂಡಸರನ್ನು ಕೇಳಿದರೆ ಊಟ ಹೇಗಿತ್ತು ಅಂತ ಹೇಳುತ್ತಾರೆ. ಹೆಂಗಸರನ್ನು ಕೇಳಿ ನೋಡಿ, ಧಾರೆ ಸೀರೆಯ ಬಣ್ಣ ಹೇಳುತ್ತಾರೆ, ಆಮೇಲೆ ಜಡೆಯ ವಿಷಯಕ್ಕೆ ಬರುತ್ತಾರೆ. ಮೊಗ್ಗಿನ ಜಡೆಯೋ, ಬಂಗಾರದ ಜಡೆಯೋ? ಯಾರು ಹಾಕಿದ್ದು? ಕುಚ್ಚು ಎಷ್ಟುದ್ದ ಇತ್ತು? ಹುಡುಗಿಯ ಮುಖ ನೋಡಲು ಎಲ್ಲರೂ ಮುಂದೆ ನೂಕಾಡುತ್ತಿದ್ದರೆ, ನಮ್ಮ ಚಿಕ್ಕಮ್ಮ ದೊಡ್ಡಮ್ಮಂದಿರು ಮಂಟಪದ ಹಿಂದೆ ಹೋಗಿ ಜಡೆ ನೋಡಿಕೊಂಡು ಬರುವುದನ್ನು ನೀವೂ ನೋಡಿರುತ್ತೀರಿ.

ಈ ಜಡೆ ಎಷ್ಟು ಹಳೆಯದು? ಮೊದಲಿನಿಂದಲೂ ಮದುಮಗಳ ಗುರುತು ಇದೇ ಆಗಿತ್ತೇ? ಕೆಲವು ತಿಂಗಳಿಂದ ಈ ಪ್ರಶ್ನೆ ತಲೆಯಲ್ಲಿ ಕೂತಿತ್ತು. ಓದಿದ್ದು, ಕಂಡಿದ್ದು, ಮನೆಯಲ್ಲಿ ಕೇಳಿದ್ದು ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಯಿತು, ಜಡೆಯ ವಿಷಯ ಅಲ್ಲವೇ!

ಮೊದಲು ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮೊಗ್ಗಿನ ಜಡೆಗೆ ಬೇಕಾದದ್ದು ಹೂವಲ್ಲ, ಮೊಗ್ಗು. ಮಲ್ಲಿಗೆ ಅರಳುವುದು ಸಂಜೆಗೆ. ಆದ್ದರಿಂದ ಬೆಳಗ್ಗೆಯೇ ಬಿಡಿಸಿ ತಂದ ಬಿಗಿ ಮೊಗ್ಗನ್ನು ಒಂದೇ ಅಳತೆಗೆ ಆರಿಸಿ, ಸೂಜಿ ದಾರದಲ್ಲಿ ಪೋಣಿಸಿ, ಬಾಳೆಪಟ್ಟೆಯ ಮೇಲೋ ಗಟ್ಟಿ ಬಟ್ಟೆಯ ಮೇಲೋ ಸಾಲು ಸಾಲಾಗಿ ಹೊಲಿಯುತ್ತಾರೆ. ನಡುನಡುವೆ ಕನಕಾಂಬರ, ಮರುಗ, ದವನ, ಪಚ್ಚೆತೆನೆ. ಕನಕಾಂಬರಕ್ಕೆ ವಾಸನೆ ಇಲ್ಲ, ಅದು ಬಣ್ಣಕ್ಕೆ. ಮರುಗ ದವನ ಹಸಿರಿಗೂ ಆಯಿತು, ಪರಿಮಳಕ್ಕೂ ಆಯಿತು. ಹಿಂದೆಲ್ಲ ಹುಡುಗಿಯನ್ನು ಕೂರಿಸಿಕೊಂಡು ಅವಳ ಜಡೆಯ ಮೇಲೆಯೇ ಹೊಲಿಯುತ್ತಿದ್ದರು. ಗಂಟೆಗಟ್ಟಲೆ ಅಲ್ಲಾಡದೆ ಕೂರಬೇಕು, ತಲೆ ತಿರುಗಿಸಿದರೆ ಬೆನ್ನಿಗೆ ಒಂದು ಗುದ್ದು. ಸಂಜೆ ಮೊಗ್ಗು ಬಿರಿಯಲು ಶುರುವಾದರೆ ಇಡೀ ಜಡೆ ಬೆಳ್ಳಗೆ ಉಬ್ಬಿಕೊಳ್ಳುತ್ತದೆ. ಆ ರಾತ್ರಿ ಬೋರಲು ಮಲಗಬೇಕು! ಇದನ್ನು ಅನುಭವಿಸಿದವರು ಈಗ ಅಜ್ಜಿಯರಾಗಿದ್ದಾರೆ, ಕೇಳಿ ನೋಡಿ.

ಇನ್ನೊಂದು ಕೇದಗೆ ಜಡೆ. ಕೇದಗೆಯ ಒಳಗಿನ ಎಳೆಯ ಹಳದಿ ಗರಿಗಳನ್ನು ಮಡಿಸಿ ಜಡೆಗೆ ಹೊಂದಿಸುವುದು. ಒಣಗಿದ ಮೇಲೂ ಪರಿಮಳ ಹೋಗುವುದಿಲ್ಲ. ಆ ಗರಿಗಳನ್ನು ಸೀರೆಯ ಮಡಿಕೆಯಲ್ಲಿ ಇಡುತ್ತಿದ್ದರು.

ಮೂರನೆಯದು ಬಂಗಾರದ್ದು. ನೆತ್ತಿಯ ಹಿಂದೆ ದುಂಡಗಿನ ರಾಗಟೆ, ಅದರ ಹತ್ತಿರ ಸೂರ್ಯ ಚಂದ್ರ, ಕೆಳಗೆ ಹೆಡೆ ಎತ್ತಿದ ನಾಗರ, ಅಲ್ಲಿಂದ ಕೆಳಕ್ಕೆ ಕಿರಿದಾಗುತ್ತಾ ಹೋಗುವ ಬಿಲ್ಲೆಗಳು, ತುದಿಯಲ್ಲಿ ಮೂರು ಕುಚ್ಚು. ತೆಳುವಾದ ಚಿನ್ನದ ತಗಡನ್ನು ಒಳಗಿನಿಂದ ತಟ್ಟಿ ಉಬ್ಬಿಸಿ, ಟೊಳ್ಳಿಗೆ ಅರಗು ತುಂಬಿ, ಮೇಲೆ ಕೆಂಪು ಕೂರಿಸುತ್ತಿದ್ದರು. ಬಿಲ್ಲೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಸೇರಿಸಿದ್ದರಿಂದ ಹುಡುಗಿ ನಡೆದಾಗ ಜಡೆಯ ಜೊತೆ ಒಡವೆಯೂ ಬಳುಕುತ್ತದೆ. ಹಾವಿನ ಹಾಗೆ. ತಮಿಳು ತೆಲುಗು ಕಡೆಯ ಹೆಸರಿನಲ್ಲೂ ನಾಗ ಇದೆ. ತಮಿಳರು ಜಡೈನಾಗಂ ಎನ್ನುತ್ತಾರೆ.

ಇರಲಿ, ಇತಿಹಾಸಕ್ಕೆ ಬರೋಣ.

ಮೊದಲು ಹುಡುಕಿದ್ದು ಕಲ್ಲಿನಲ್ಲಿ. ವಿಷ್ಣುವರ್ಧನ 1117ರಲ್ಲಿ ಬೇಲೂರಿನ ದೇವಸ್ಥಾನ ಕಟ್ಟಿಸಿದ. ಅಲ್ಲಿನ ಮದನಿಕೆಯರ ಮೈಮೇಲೆ ಇಲ್ಲದ ಒಡವೆ ಇಲ್ಲ. ಕನ್ನಡಿ ಹಿಡಿದು ನಿಂತ ದರ್ಪಣಸುಂದರಿಯನ್ನು ನೋಡದವರು ಯಾರು? ಆದರೆ ಇವರ ತಲೆಯನ್ನು ನೋಡಿ. ಹೆಚ್ಚಾಗಿ ಕಾಣುವುದು ತುರುಬು. ದೊಡ್ಡದು, ಓರೆಯದು, ಮಣಿ ಸುತ್ತಿದ್ದು, ಹೂ ಸುತ್ತಿದ್ದು, ಎಷ್ಟೋ ಬಗೆಯ ತುರುಬು. ಬೆನ್ನ ಮೇಲೆ ಇಳಿಬಿದ್ದ, ಬಿಲ್ಲೆ ಹಾಕಿದ ಜಡೆಗೆ ಅಲ್ಲಿ ಪ್ರಾಧಾನ್ಯ ಇಲ್ಲ. ಅಲ್ಲಿಂದ ನಾನೂರು ವರ್ಷ ದಾಟಿ ಲೇಪಾಕ್ಷಿಗೆ ಬನ್ನಿ. ವಿಜಯನಗರದ ಕಾಲದ, 16ನೇ ಶತಮಾನದ ಚಿತ್ರಗಳು ಅಲ್ಲಿನ ಚಾವಣಿಯಲ್ಲಿವೆ. ಸೀರೆಯ ಅಂಚು, ಚೌಕಳಿ ಎಲ್ಲ ಇವತ್ತಿಗೂ ನೇಕಾರರು ನೋಡಿ ನೇಯುವಷ್ಟು ಸ್ಪಷ್ಟ. ಅಲ್ಲೂ ಹೆಂಗಸರದು ಪಕ್ಕಕ್ಕೆ ವಾಲಿದ ತುರುಬೇ.

ಹೂವಿನ ಹುಚ್ಚು ಮಾತ್ರ ಆಗಲೂ ಇತ್ತು. ಪರ್ಷಿಯಾದಿಂದ 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್, ಊರಿನ ಎಲ್ಲೆಡೆ ಗುಲಾಬಿ ಮಾರುತ್ತಾರೆ, ಇಲ್ಲಿನ ಜನಕ್ಕೆ ಅನ್ನದಷ್ಟೇ ಗುಲಾಬಿಯೂ ಬೇಕು ಎಂಬರ್ಥದಲ್ಲಿ ಬರೆದಿದ್ದಾನೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಮಹಾನವಮಿಯನ್ನು ಕಣ್ಣಾರೆ ಕಂಡವನು. ಅರಮನೆಯ ಹೆಂಗಸರು ಒಡವೆಯ ಭಾರಕ್ಕೆ ನಡೆಯಲಾರದೆ ಹೋಗುತ್ತಿದ್ದುದನ್ನು ವಿವರಿಸುತ್ತಾನೆ. ಆದರೆ ಅವರ ತಲೆಯ ಮೇಲೆ ಅವನಿಗೆ ಕಂಡದ್ದು ಎತ್ತರದ ಕುಳ್ಳಾಯಿ, ಅದರ ಮೇಲೆ ದಪ್ಪ ಮುತ್ತುಗಳಲ್ಲಿ ಮಾಡಿದ ಹೂಗಳು. ಒಡವೆಯ ಪಟ್ಟಿ ಅಷ್ಟುದ್ದ ಕೊಟ್ಟವನ ಕಣ್ಣಿಗೆ ಬಿದ್ದ ತಲೆಯ ಒಡವೆ ಕುಳ್ಳಾಯಿ!

ಭಾಷೆಯೂ ಇದಕ್ಕೇ ಸಾಕ್ಷಿ ಹೇಳುತ್ತದೆ. ನಾವು ಹೂ 'ಹಾಕಿಕೊಳ್ಳು' ಎನ್ನುವುದಿಲ್ಲ, ಹೂ 'ಮುಡಿ' ಎನ್ನುತ್ತೇವೆ. ಮುಡಿ ಎಂದರೆ ಗಂಟು, ಕಟ್ಟಿದ ತುರುಬು. ಬತ್ತ ಅಕ್ಕಿಯನ್ನು ಹುಲ್ಲಿನಲ್ಲಿ ಕಟ್ಟಿಟ್ಟರೆ ಕರಾವಳಿಯಲ್ಲಿ ಅದೂ ಮುಡಿಯೇ. ಹೂವು ಮೊದಲು ಸೇರುತ್ತಿದ್ದದ್ದು ತುರುಬಿಗೆ ಎಂಬುದು ಆ ಕ್ರಿಯಾಪದದಲ್ಲೇ ಉಳಿದುಕೊಂಡಿದೆ. ಹತ್ತನೇ ಶತಮಾನದ ನಮ್ಮ ಪಂಪ, ರನ್ನರಲ್ಲಿ ದ್ರೌಪದಿಯ ಪ್ರತಿಜ್ಞೆಯ ಸುತ್ತ ಬರುವುದೂ ಮುಡಿಯ ಮಾತೇ.

ಹಾಗಾದರೆ 'ಜಡೆ' ಎಂಬ ಪದ? ನನಗೆ ಆಶ್ಚರ್ಯವಾದದ್ದು ಇಲ್ಲೇ. ಜಡೆ ಎನ್ನುವುದು ಸಂಸ್ಕೃತದ ಜಟೆಯ ತದ್ಭವ. ಜಟೆ ಯಾರಿಗಿರುತ್ತದೆ? ತಪಸ್ವಿಗಳಿಗೆ, ಶಿವನಿಗೆ. ಎಣ್ಣೆ ಬಾಚಣಿಗೆ ಕಾಣದೆ ಗಂಟುಕಟ್ಟಿದ ಕೂದಲಿಗೆ. ಸಂಸಾರ ಬಿಟ್ಟವನ ತಲೆಯ ಹೆಸರು ಸಂಸಾರಕ್ಕೆ ಕಾಲಿಡುವ ಹುಡುಗಿಯ ತಲೆಗೆ ಬಂದಿದೆ. ನಮ್ಮದೇ ಆದ ಹೆರಳು ಎಂಬ ಪದ ಹಳ್ಳಿಯ ಬಾಯಲ್ಲಿ ಇನ್ನೂ ಇದೆ, ಆದರೆ ಮದುವೆ ಮನೆಯಲ್ಲಿ ಗೆದ್ದದ್ದು ಜಡೆ.

ಸಂಸ್ಕೃತ ಕಾವ್ಯಗಳಿಗೆ ಹೋದರೆ ಇನ್ನೂ ಒಂದು ತಿರುವು ಕಾಣುತ್ತದೆ. ಹೆಣೆಯುವುದು ಹೊಸದೇನಲ್ಲ, ಕ್ರಿಸ್ತಪೂರ್ವದ ಭರ್ಹುತದ ಯಕ್ಷಿಯರ ಬೆನ್ನ ಮೇಲೂ ಹೆಣೆದ ಕೂದಲಿದೆ. ಆದರೆ ಕಾವ್ಯದಲ್ಲಿ 'ಏಕವೇಣಿ', ಅಂದರೆ ಒಂದೇ ಜಡೆ, ಸಂಭ್ರಮದ ಗುರುತಲ್ಲ. ಗಂಡ ದೂರವಾದ ಹೆಂಗಸಿನ ಗುರುತು. ಅಶೋಕವನದಲ್ಲಿ ಸೀತೆ ಏಕವೇಣಿ. ವಾಲ್ಮೀಕಿ ಆ ಜಡೆಯನ್ನು ಕಪ್ಪು ನಾಗರಕ್ಕೆ ಹೋಲಿಸುತ್ತಾನೆ. ಸುಂದರಕಾಂಡದಲ್ಲಿ ಬದುಕು ಸಾಕಾಗಿ ಆಕೆ ಪ್ರಾಣ ಬಿಡಲು ಯೋಚಿಸುವುದೂ ಆ ಜಡೆಯಿಂದಲೇ. ಕಾಳಿದಾಸನ ಮೇಘದೂತದ ಯಕ್ಷನ ಹೆಂಡತಿ, ಅಗಲಿದ ಮೊದಲ ದಿನ ಹೂಮಾಲೆ ತೆಗೆದು ಕಟ್ಟಿದ ಒಂಟಿ ಜಡೆಯಲ್ಲೇ ವರ್ಷ ಕಳೆಯುತ್ತಾಳೆ, ಅದನ್ನು ಗಂಡನೇ ಬಂದು ಬಿಚ್ಚಬೇಕು. ಶಾಕುಂತಲದ ಕೊನೆಯ ಅಂಕದಲ್ಲಿ ದುಷ್ಯಂತ ಕಾಣುವ ಶಕುಂತಲೆಯೂ ಏಕವೇಣಿಯೇ. ಹೂವಿಲ್ಲದ ಒಂಟಿ ಜಡೆ ಎಂದರೆ ಅಳು. ಅದೇ ಒಂಟಿ ಜಡೆ, ಅದೇ ನಾಗರ, ಮುಂದೆ ಹೂವು ಬಂಗಾರ ಹೊತ್ತು ಮಂಟಪಕ್ಕೆ ಬಂತು.

ಯಾವಾಗ ಬಂತು? ಇವತ್ತು ಮ್ಯೂಸಿಯಂಗಳಲ್ಲಿ, ಹಳೇ ಮನೆತನಗಳಲ್ಲಿ ಸಿಗುವ ಜಡೆನಾಗರಗಳು ಹೆಚ್ಚಿನವು 18, 19ನೇ ಶತಮಾನದವು. ಆಂಧ್ರದ ಕೂಚಿಪುಡಿಯಲ್ಲಿ ಭಾಮಾಕಲಾಪ ಕಟ್ಟಿದ ಸಿದ್ಧೇಂದ್ರ ಯೋಗಿಯ ಕಾಲ 17ನೇ ಶತಮಾನ ಎನ್ನುತ್ತಾರೆ. ಅದರಲ್ಲಿ ಸತ್ಯಭಾಮೆ ಬರುವ ಮೊದಲು ಪರದೆಯ ಮೇಲಿಂದ ಅವಳ ಜಡೆ ಈಚೆಗೆ ಬೀಳುತ್ತದೆ! ಮುಖಕ್ಕಿಂತ ಮೊದಲು ಜಡೆಯ ದರ್ಶನ. ಅದು ಪಾತ್ರಧಾರಿಯ ಸವಾಲೂ ಹೌದು, ನನ್ನನ್ನು ಮೀರಿಸುವವರಿದ್ದರೆ ಬನ್ನಿ ಅಂತ. ಆ ಜಡೆ ಹಾಕುತ್ತಿದ್ದವರು ಗಂಡಸರು ಎಂಬುದು ಬೇರೆ ಮಾತು. ವೇದಾಂತಂ ಸತ್ಯನಾರಾಯಣ ಶರ್ಮ ಅವರ (1935-2012) ಭಾಮೆಯನ್ನು ನೋಡಿದವರು ಅದನ್ನು ಮರೆಯುವುದಿಲ್ಲ. ಒಟ್ಟಿನಲ್ಲಿ ವಿಜಯನಗರ ಮುಳುಗಿ ನಾಯಕರು, ಮೈಸೂರು, ತಂಜಾವೂರು ಮೇಲೆದ್ದ ಕಾಲದಲ್ಲಿ ದಕ್ಷಿಣದ ಸಿರಿವಂತ ಮನೆಗಳಲ್ಲಿ ಜಡೆ ತುರುಬನ್ನು ಹಿಂದೆ ಹಾಕಿತು ಅಂತ ನನ್ನ ಲೆಕ್ಕ.

ಆದರೆ ಮದುಮಗಳಿಗೆ ಜಡೆಯೇ ಏಕೆ? ನಮ್ಮ ಕಡೆ ಹಿಂದೆ ಗೃಹಿಣಿಗೆ ತುರುಬು, ಹುಡುಗಿಗೆ ಜಡೆ. ಮಕ್ಕಳಾದ ಮೇಲೂ ಜಡೆ ಬಿಟ್ಟುಕೊಂಡು ಓಡಾಡಿದರೆ ಅತ್ತೆಯಂದಿರು ಸುಮ್ಮನಿರುತ್ತಿರಲಿಲ್ಲ. ಅಂದರೆ ಮದುವೆಯ ಜಡೆ ಹೆಂಡತಿಯ ಶೃಂಗಾರವಲ್ಲ, ಹುಡುಗಿಯ ಶೃಂಗಾರ. ಮಂಟಪದಲ್ಲಿ ಕೂರುತ್ತಿದ್ದದ್ದು ನಿಜವಾಗಿಯೂ ಹುಡುಗಿಯೇ, ಎಳೆಯ ಹುಡುಗಿ. ಇದು ನನ್ನ ಊಹೆ. ಆದರೆ ಅದಕ್ಕೆ ಹಿನ್ನೆಲೆಯಾಗಿ ಒಂದು ಕಾನೂನಿದೆ. 1894ರಲ್ಲಿ ಮೈಸೂರು ಸಂಸ್ಥಾನ ಬಾಲ್ಯವಿವಾಹದ ಬಗ್ಗೆ ಕಾಯಿದೆ ಮಾಡಿತು. ದೇಶದಲ್ಲೇ ಮುಂದುವರಿದ ಸಂಸ್ಥಾನ ಎಂದು ಹೆಸರಾಗಿದ್ದ ಮೈಸೂರಿನ ಆ ಕಾಯಿದೆ ತಡೆದದ್ದು ಎಷ್ಟು ವರ್ಷದೊಳಗಿನ ಹುಡುಗಿಯ ಮದುವೆಯನ್ನು ಗೊತ್ತೇ? ಎಂಟು! ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯಿದೆ ಬಂದಾಗ ಅದು ಹದಿನಾಲ್ಕಕ್ಕೆ ಏರಿತು. ಎಂಟೊಂಬತ್ತು ವರ್ಷದ ತಲೆಗೆ ರಾಗಟೆ, ನಾಗರ, ಬಿಲ್ಲೆ, ಕುಚ್ಚು. ಕೂದಲು ಸಾಲದೆ ಚೌರಿ ಸೇರಿಸಿ ಹೆಣೆಯುತ್ತಿದ್ದರು.

ನಮ್ಮ ಮನೆಯಲ್ಲಿ ಅಂಥ ಒಂದು ಫೋಟೋ ಇದೆ. ನಮ್ಮ ಅಜ್ಜಿಯ ಅಕ್ಕ, ನಮಗೆಲ್ಲ ದೊಡ್ಡಜ್ಜಿ. ಸ್ಟುಡಿಯೋದಲ್ಲಿ ತೆಗೆಸಿದ್ದು, ಕಾಲ ಸುಮಾರು 1925. ಆ ಕಾಲದ ಫೋಟೋಗಳಲ್ಲಿ ಒಂದು ಉಪಾಯ ಇರುತ್ತಿತ್ತು. ಹುಡುಗಿಯನ್ನು ಓರೆಯಾಗಿ ಕೂರಿಸಿ ಹಿಂದೆ ದೊಡ್ಡ ಕನ್ನಡಿ ಇಡುತ್ತಿದ್ದರು, ಮುಖವೂ ಬರಬೇಕು, ಕನ್ನಡಿಯಲ್ಲಿ ಜಡೆಯೂ ಬರಬೇಕು. ನಿಮ್ಮ ಮನೆಯ ಗೋಡೆಯ ಮೇಲೂ ಇಂಥದ್ದೊಂದು ಇರಬಹುದು. ದೊಡ್ಡಜ್ಜಿಯ ಫೋಟೋದಲ್ಲಿ ಮೊಗ್ಗಿನ ಜಡೆ ಕುರ್ಚಿಯ ಆಸನ ದಾಟಿ ಇಳಿದಿದೆ. ಕಾಲು ನೆಲ ಮುಟ್ಟಿಲ್ಲ. ಆಗ ಒಂಬತ್ತು ವರ್ಷ, ಮದುವೆಯಾಗಿ ತಿಂಗಳಾಗಿತ್ತಂತೆ. ಮೈಸೂರಿನ ಕಾಯಿದೆಯ ಪ್ರಕಾರ ಎಲ್ಲ ಸರಿಯಾಗಿಯೇ ಇತ್ತು.

ಗಂಡ ತೀರಿಕೊಂಡಾಗ ಅವರಿಗೆ ಹದಿನಾಲ್ಕು. ಆಮೇಲೆ ಏನಾಯಿತು ಅಂತ ಹಳೆಯ ಬ್ರಾಹ್ಮಣ ಮನೆಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ನಾನು ಕಂಡ ದೊಡ್ಡಜ್ಜಿಗೆ ಬೋಳು ತಲೆ, ಕೆಂಪು ಸೀರೆಯ ಸೆರಗು. ತಿಂಗಳು ತಿಂಗಳು ಹಿತ್ತಿಲ ಜಗಲಿಗೆ ಕ್ಷೌರದವನು ಬರುತ್ತಿದ್ದ, ಮಕ್ಕಳು ಆ ಕಡೆ ಹೋಗುವ ಹಾಗಿರಲಿಲ್ಲ.

ಆದರೆ ನಮ್ಮ ಬೀದಿಯಲ್ಲೇ ಅವರಷ್ಟು ಚೆನ್ನಾಗಿ ಮೊಗ್ಗಿನ ಜಡೆ ಹೊಲಿಯುವವರು ಇನ್ನೊಬ್ಬರಿರಲಿಲ್ಲ. ಬೇಸಿಗೆ ರಜೆ, ಮಲ್ಲಿಗೆ ಕಾಲ. ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಒಬ್ಬೊಬ್ಬರಿಗೆ ಒಂದೊಂದು ದಿನ ಹೊಲಿಯುತ್ತಿದ್ದರು. ಮೊಗ್ಗು ಆರಿಸುವುದು ಅವರು, ಅಳತೆ ನೋಡುವುದು ಅವರು, ಸಾಲು ಕೂರಿಸುವುದು ಅವರು. ಆದರೆ ಮೊದಲ ಮೊಗ್ಗನ್ನು ಮಾತ್ರ ಅಮ್ಮನೋ ಅತ್ತೆಯೋ ಬಂದು ಚುಚ್ಚಬೇಕು. ಮುತ್ತೈದೆ ಕೈ. ಅವರು ಅಡುಗೆ ಮನೆಯಿಂದ ಬರುವವರೆಗೆ ದೊಡ್ಡಜ್ಜಿ ಸೂಜಿಗೆ ದಾರ ಪೋಣಿಸಿಕೊಂಡು ಕಾಯುತ್ತಾ ಕೂತಿರುತ್ತಿದ್ದರು. ಮೊದಲ ಮೊಗ್ಗು ಬಿದ್ದ ಮೇಲೆ ಶುರು. ಅದರಲ್ಲಿ ವಿಚಿತ್ರ ಏನಿದೆ ಅಂತ ಆಗ ಯಾರಿಗೂ ಅನ್ನಿಸಲಿಲ್ಲ, ಅವರೂ ಏನೂ ಹೇಳಲಿಲ್ಲ. ಮದುವೆಯ ಜಡೆಯನ್ನು ಮಾತ್ರ ಅವರ ಕೈಗೆ ಕೊಡುತ್ತಿರಲಿಲ್ಲ.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' 1976ರಲ್ಲಿ ಬಂತು, ಪ್ರೇಮಾ ಕಾರಂತರು 1983ರಲ್ಲಿ ಅದನ್ನು ಸಿನಿಮಾ ಮಾಡಿದರು. ಓದಿದವರು 'ಅಯ್ಯೋ ಪಾಪ, ಯಾವ ಕಾಲದ್ದೋ' ಅಂದರು. ನಮ್ಮ ಮನೆಯ ಫಣಿಯಮ್ಮ ಆಗ ಒಳಗೆ ಹೂಬತ್ತಿ ಹೊಸೆಯುತ್ತಿದ್ದರು. ಈ ಕ್ರೂರತನವನ್ನು ತಡೆಯಲು ಹೊರಟವರು ಮೊದಲೂ ಇದ್ದರು. 1890ರಲ್ಲಿ ಮುಂಬಯಿಯಲ್ಲಿ, ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ಕ್ಷೌರಿಕರೇ ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ನಿರ್ಧರಿಸಿದ್ದರು. ಪಂಡಿತರು ಶಾಸ್ತ್ರ ತೆಗೆದು ವಾದ ಮಾಡುತ್ತಿದ್ದಾಗ ಕತ್ತಿ ಹಿಡಿಯುವವರೇ ಕತ್ತಿ ಕೆಳಗಿಟ್ಟರು. ಆ ಸುದ್ದಿ ನಮ್ಮ ಹಿತ್ತಿಲ ಜಗಲಿಯವರೆಗೆ ಬರಲೇ ಇಲ್ಲ.

ಜಡೆಯ ಇನ್ನೊಂದು ಕವಲು ದೇವಸ್ಥಾನಕ್ಕೆ ಹೋಗುತ್ತದೆ. ದೇವರ ಹೆಂಡತಿಯೆನಿಸಿದ ದೇವದಾಸಿಗೆ ವೈಧವ್ಯ ಇಲ್ಲ, ಆಕೆ ನಿತ್ಯಸುಮಂಗಲಿ. ಹಾಗಾಗಿ ಮದುಮಗಳ ಒಡವೆಯೆಲ್ಲ ಆಕೆಗೆ ನಿತ್ಯದ ಒಡವೆ. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿತು, ಮದರಾಸಿನಲ್ಲಿ 1947ರಲ್ಲಿ ಕಾನೂನು ಬಂತು. ಆ ಹೆಂಗಸರು ಮರೆಯಾದರು, ಅವರ ಉಡುಗೆ ತೊಡುಗೆ ಭರತನಾಟ್ಯದ ವೇದಿಕೆಯಲ್ಲಿ ಉಳಿಯಿತು. ಇವತ್ತು ನೃತ್ಯ ಶಾಲೆಯ ಪುಟ್ಟ ಮಕ್ಕಳು ಹಾಕಿಕೊಳ್ಳುವ ರಾಗಟೆ, ಸೂರ್ಯ ಚಂದ್ರ, ಕುಚ್ಚು ಎಲ್ಲ ಮದುವಣಗಿತ್ತಿಯ ಒಡವೆಗಳೇ. ನಾಗರಕೋಯಿಲ್ ಹತ್ತಿರದ ವಡಸೇರಿಯಲ್ಲಿ ಇಂಥ ಒಡವೆ ಮಾಡುವ ಕುಶಲಿಗರು ಈಗಲೂ ಇದ್ದಾರೆ, ಆ ಕಸುಬಿಗೆ ಭೌಗೋಳಿಕ ಸೂಚನೆಯ ಮಾನ್ಯತೆಯೂ ಸಿಕ್ಕಿದೆ.

ಅಂದ ಹಾಗೆ, ಕೂದಲಿಗೂ ದಾಂಪತ್ಯಕ್ಕೂ ಗಂಟು ಹಾಕುವ ಶಾಸ್ತ್ರ ಮದುವೆಗೇ ಮುಗಿಯುವುದಿಲ್ಲ. ಬಸುರಿಗೆ ಹೂ ಮುಡಿಸುವಾಗ ಮತ್ತೆ ಮೊಗ್ಗಿನ ಜಡೆ. ಸೀಮಂತ ಎಂಬ ಪದದ ಅರ್ಥವೇ ಬೈತಲೆ. ಗೃಹ್ಯಸೂತ್ರಗಳ ಪ್ರಕಾರ ಗಂಡ ಮುಳ್ಳುಹಂದಿಯ ಮುಳ್ಳಿನಿಂದ ಹೆಂಡತಿಯ ಬೈತಲೆ ತೆಗೆಯಬೇಕು, ಜೊತೆಗೆ ದರ್ಭೆ, ಅತ್ತಿಯ ಕಾಯಿ. ಇನ್ನು ಪ್ರಯಾಗಕ್ಕೆ ಹೋದ ನಮ್ಮ ಕಡೆಯ ದಂಪತಿಗಳು ಮಾಡುವ ವೇಣೀದಾನ. ಅಲ್ಲಿ ಗಂಡ ಹೆಂಡತಿಯನ್ನು ಕೂರಿಸಿಕೊಂಡು ಜಡೆ ಹೆಣೆದು, ತುದಿಯ ಸ್ವಲ್ಪ ಕೂದಲು ಕತ್ತರಿಸಿ ಸಂಗಮಕ್ಕೆ ಬಿಡುತ್ತಾನೆ. ಮೂರು ಕಾಲಿನ ಜಡೆ, ಮೂರು ನದಿಯ ಸಂಗಮ. ಜೀವಮಾನದಲ್ಲಿ ಒಂದೇ ಸಲ ಹೆಂಡತಿಯ ತಲೆ ಬಾಚಿದ ಗಂಡಸರು ನಮ್ಮಲ್ಲಿ ಬೇಕಾದಷ್ಟಿದ್ದಾರೆ!

ಈಗಿನ ವಿಷಯ. ಮನೆಯಲ್ಲಿ ಹೊಲಿಯುವವರು ಕಡಿಮೆಯಾದರು. ಹೂವಿನವರಿಗೆ ಮುಂಗಡ ಕೊಟ್ಟರೆ ಸಿದ್ಧ ಜಡೆ ಬರುತ್ತದೆ, ಹಿಂದಿನಿಂದ ಪಿನ್ನು ಹಾಕಿ ಕಟ್ಟಿದರೆ ಹತ್ತು ನಿಮಿಷದ ಕೆಲಸ. ಬಾಳೆಪಟ್ಟೆಯ ಜಾಗಕ್ಕೆ ರಟ್ಟು ಬಂದಿದೆ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಸೂಚನೆ ಸಿಕ್ಕಿದೆ, ಜೊತೆಗೆ ಪ್ಲಾಸ್ಟಿಕ್ ಮೊಗ್ಗೂ ಅಂಗಡಿಗೆ ಬಂದಿದೆ. ಚೌರಿಯ ಕಥೆ ಇನ್ನೂ ದೊಡ್ಡದು. ತಿರುಪತಿಯಲ್ಲಿ ಭಕ್ತರು ಕೊಟ್ಟ ಮುಡಿಯನ್ನು ದೇವಸ್ಥಾನ ಹರಾಜು ಹಾಕುತ್ತದೆ. ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲು ಬಿಡಿಸಿ, ತೊಳೆದು, ಉದ್ದದ ಪ್ರಕಾರ ವಿಂಗಡಿಸುವುದು ಎಷ್ಟೋ ಮನೆಗಳ ಜೀವನೋಪಾಯ. ಹರಕೆಗೆ ಕೊಟ್ಟ ಯಾರದೋ ಕೂದಲು ಯಾರದೋ ಮದುವೆಯ ಜಡೆಯೊಳಗೆ ಕೂರಬಹುದು.

ಇದೆಲ್ಲ ಹಾಳಾಯಿತು ಅಂತ ಗೋಳಾಡಲು ನನಗೆ ಮನಸ್ಸಿಲ್ಲ. ಇಪ್ಪತ್ತೇಳು ವರ್ಷದ, ಕೆಲಸದಲ್ಲಿರುವ ಹುಡುಗಿ ತನಗೆ ಬೇಕಾದ ಜಡೆಯನ್ನು ತಾನೇ ಆರಿಸಿ, ಸಂಜೆ ಆರತಕ್ಷತೆಗೆ ಬಿಚ್ಚಿ ಕೂದಲು ಹರಡಿಕೊಂಡು ನಿಲ್ಲುತ್ತಾಳೆ. ಒಂಬತ್ತು ವರ್ಷದ ಹುಡುಗಿಯ ಕಾಲು ನೆಲ ಮುಟ್ಟದ ಫೋಟೋಗಿಂತ ಇದು ಮೇಲು. ಮಂಗಳೂರಿನ ಕುದ್ರೋಳಿ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನೇ ಅರ್ಚಕರಾಗಿ ನೇಮಿಸಿದರು. ಆದರೂ ಈಗಿನ ಮದುವೆ ಮನೆಯಲ್ಲೂ ಜಡೆ ಕಟ್ಟುವ ಹೊತ್ತಿಗೆ 'ಮೊದಲು ಮುತ್ತೈದೆ ಕೈಲಿ ಮುಟ್ಟಿಸಿ' ಎಂಬ ಮಾತು ನಾನು ಕೇಳಿದ್ದೇನೆ. ಪಕ್ಕದಲ್ಲಿ ಹುಡುಗಿಯ ಸ್ವಂತ ಅಮ್ಮ, ಗಂಡ ಹೋದವರು, ಗೋಡೆಗೆ ಒರಗಿ ನಿಂತಿರುತ್ತಾರೆ. ದಿನಾ ಆ ಹುಡುಗಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದ ಕೈ ಅದು.

ಹೂವು ಬಂಗಾರ ಎಲ್ಲ ಇರಲಿ, ಚೆನ್ನಾಗಿದೆ. ಆ ಒಂದು ಮಾತು ಮಾತ್ರ ಬಿಟ್ಟುಬಿಡೋಣ. ಮುಂದಿನ ಮದುವೆಯಲ್ಲಿ ನಿಮ್ಮ ಮನೆಯಲ್ಲಿ ಅಂಥ ಅಮ್ಮ, ಅತ್ತೆ, ದೊಡ್ಡಮ್ಮ ಯಾರಾದರೂ ಇದ್ದರೆ ಮೊದಲ ಮೊಗ್ಗನ್ನು ಅವರ ಕೈಗೇ ಕೊಡಿ. ಬೇಡ ಅಂತಲೇ ಅನ್ನುತ್ತಾರೆ, ಅಭ್ಯಾಸ ಹಾಗಿದೆ. ಇನ್ನೊಂದು ಸಲ ಕೇಳಿ.